ಹೋರ್ನ್ಲಿ ರಿಡ್ಜ್ ಹತ್ತೋಕೆ ಮೈಸೂರಿನಲ್ಲಿದ್ದು ತಯಾರಿ ಹೇಗೆ? ಹೋಗಿ ಬಂದವರು ಹೇಳಿ

ಮೈಸೂರಿನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಆಗಸ್ಟ್‌ನಲ್ಲಿ ಜ್ಯೂರಿಕ್‌ನ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಆಗ ಗೈಡ್ ಜೊತೆ ಸ್ವಿಟ್ಜರ್ಲೆಂಡ್‌ನ ಮ್ಯಾಟರ್‌ಹಾರ್ನ್ ಪರ್ವತದ ಹೋರ್ನ್ಲಿ ರಿಡ್ಜ್ (ತುದಿಗೆ ಹೋಗುವ ಬಂಡೆಯ ಏಣು) ಹತ್ತುವ ಆಸೆ ಇದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮುಗಿಸಿದ್ದೇನೆ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ವಾರಕ್ಕೆ ಮೂರು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಬಂಡೆ ಹತ್ತಿದ್ದು ಮಾತ್ರ ಕೋರ್ಸ್‌ನಲ್ಲಿ ಕಲಿಸಿದಷ್ಟೇ. ಯಾವುದನ್ನು ಮೊದಲು ಶುರು ಮಾಡಲಿ? ಜಿಮ್ ಸೇರಲೇಬೇಕಾ? ಎತ್ತರಕ್ಕೆ ದೇಹ ಒಗ್ಗಿಸೋದು ಇಲ್ಲೇ ಇದ್ದು ಆಗುತ್ತಾ?

ಬರ್ನ್‌ನಲ್ಲಿರುವ ಹಾಸನದವರು

ಮೇಡಂ, ನಾನು ಆ ರಿಡ್ಜನ್ನು ಗೈಡ್ ಜೊತೆಗೇ ಹತ್ತಿದ್ದು. ಮೊದಲು ಲೆಕ್ಕ ಹೇಳ್ತೀನಿ, ತಯಾರಿ ಎಲ್ಲ ಅದರ ಮೇಲೇ ನಿಂತಿದೆ.

ಹತ್ತುವವರು ಹಿಂದಿನ ರಾತ್ರಿ ತಂಗುವ ಹೋರ್ನ್ಲಿ ಹಟ್ ಇರೋದು 3,260 ಮೀಟರ್‌ನಲ್ಲಿ. ತುದಿ 4,478. ಅಂದರೆ 1,200 ಮೀಟರ್ ಚಿಲ್ಲರೆ ಏರು. ಚಾಮುಂಡಿ ಮೆಟ್ಟಿಲ ಲೆಕ್ಕದಲ್ಲಿ ನಾಲ್ಕೈದು ಸುತ್ತು, ಅಷ್ಟೇ. ಕುಮಾರ ಪರ್ವತಕ್ಕೆ ಕುಕ್ಕೆಯಿಂದ ಹತ್ತುವಾಗ ಇದಕ್ಕಿಂತ ಜಾಸ್ತಿ ಏರಿದ್ದೀರಿ. ಹಾಗಾದರೆ ಕಷ್ಟ ಎಲ್ಲಿದೆ? ಹಟ್ ಬಿಟ್ಟ ಕೆಲವೇ ನಿಮಿಷಕ್ಕೆ ಬಂಡೆ ಶುರು. ಆಮೇಲೆ ದಾರಿ ಅನ್ನೋದೇ ಇಲ್ಲ. ಕೈ ಕಾಲು ಎರಡನ್ನೂ ಬಳಸಿ ಗಂಟೆಗಟ್ಟಲೆ ಹೋಗ್ತಾನೇ ಇರಬೇಕು. ಬಿಡಿಬಿಡಿಯಾಗಿ ನೋಡಿದರೆ ಹೆಚ್ಚಿನ ಜಾಗ ಸುಲಭವೇ. ಕಷ್ಟದ ತುಂಡುಗಳೂ ಬಂಡೆ ಹತ್ತುವ ಕಷ್ಟದ ಅಳತೆಯಲ್ಲಿ ಮೂರನೇ ದರ್ಜೆ ದಾಟುವುದಿಲ್ಲ. ಇನ್ನೂ ಕಡಿದಾದ ಕಡೆ ದಪ್ಪ ಹಗ್ಗ ಕಟ್ಟಿದ್ದಾರೆ. ಆದರೆ ನಿಲ್ಲೋಕೆ ಪುರುಸೊತ್ತಿಲ್ಲ. ಹತ್ತೋಕೆ ನಾಲ್ಕೈದು ಗಂಟೆ, ಇಳಿಯೋಕೂ ಹೆಚ್ಚುಕಡಿಮೆ ಅಷ್ಟೇ.

ಮಧ್ಯದಲ್ಲಿ 4,003 ಮೀಟರ್‌ನಲ್ಲಿ ಸೋಲ್ವೇ ಹಟ್ ಅಂತ ಪುಟ್ಟ ತುರ್ತು ಆಸರೆ ಇದೆ. ಅಲ್ಲಿಗೆ ಸುಮಾರು ಎರಡೂವರೆ ಗಂಟೆಯೊಳಗೆ ಮುಟ್ಟದಿದ್ದರೆ ಗೈಡ್ ವಾಪಸ್ ಕರೆದುಕೊಂಡು ಬರುವ ಸಾಧ್ಯತೆ ಜಾಸ್ತಿ. ಗಂಟೆಗೆ 300 ಮೀಟರ್ ಏರು ಅಂದ ಹಾಗಾಯಿತು. ಅದೂ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇಕಡಾ 60ರ ಆಸುಪಾಸು ಇರುವ ಜಾಗದಲ್ಲಿ, ಕತ್ತಲಲ್ಲಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ.

ಅದಕ್ಕೇ ನಾನು ಹೇಳೋದು, ಶಕ್ತಿಗಿಂತ ಮೊದಲು ಉಸಿರಿನ ಬುನಾದಿ ಹಾಕಿ. ಮೊದಲ ನಾಲ್ಕೈದು ತಿಂಗಳು ನಿಧಾನದ ಕೆಲಸವೇ ಜಾಸ್ತಿ ಇರಲಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ. ಈಗ ಮೆಟ್ಟಿಲನ್ನು ಏದುಸಿರು ಬಿಟ್ಟು ಹತ್ತುತ್ತಿದ್ದರೆ ಅದನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿ. ಉಳಿದ ದಿನ ಆರಾಮಾಗಿ, ಆದರೆ ಹೊತ್ತು ಹೆಚ್ಚಿಸಿ. ಒಂದು ಸುತ್ತು ಎರಡಾಗಲಿ, ಎರಡು ಮೂರಾಗಲಿ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ ಮೈಗೆ ಬಿಡುವು ಕೊಡಿ. ಈ ಬಿಡುವಿನ ವಾರವನ್ನೇ ನಮ್ಮವರು ಮೊದಲು ಕೈಬಿಡೋದು.

ಬೆನ್ನಿಗೆ ಭಾರ ಆಮೇಲೆ ಬರಲಿ. ಆ ದಿನ ನಿಮ್ಮ ಚೀಲ ಏಳೆಂಟು ಕಿಲೋ ದಾಟುವುದಿಲ್ಲ. ಇಪ್ಪತ್ತು ಕಿಲೋ ಹೊತ್ತು ಶೂರತನ ತೋರಿಸುವುದು ಬೇಡ.

ಎತ್ತರಕ್ಕೆ ಒಗ್ಗೋದು ಮೈಸೂರಿನಲ್ಲಿ ಆಗಲ್ಲ. ಜೂನ್‌ನಲ್ಲಿ ಹಿಮಾಲಯಕ್ಕೆ ಹೋಗಿ ಬಂದರೂ ಆಗಸ್ಟ್ ಹೊತ್ತಿಗೆ ಆ ಲಾಭ ಬಹುಪಾಲು ಕರಗಿರುತ್ತದೆ. ಅನುಭವಕ್ಕೆ ಹೋಗಿ, ಬೇಡ ಅನ್ನಲ್ಲ. ಆದರೆ ಒಗ್ಗುವ ಕೆಲಸ ಇಲ್ಲಿಗೆ ಬಂದ ಮೇಲೇ ಆಗಬೇಕು. ಮ್ಯಾಟರ್‌ಹಾರ್ನ್‌ಗೆ ಮುಂಚೆ ಕಡಿಮೆ ಅಂದರೂ ಒಂದು ವಾರ ಇಟ್ಟುಕೊಳ್ಳಿ. ಅಕ್ಕನ ಮನೆಯಲ್ಲಿ ಕಳೆದ ದಿನಗಳು ಆ ಲೆಕ್ಕಕ್ಕೆ ಬರಲ್ಲ, ಜ್ಯೂರಿಕ್ 400 ಮೀಟರ್ ಎತ್ತರ ಅಷ್ಟೇ! ಮ್ಯಾಟರ್‌ಹಾರ್ನ್ ಬುಡದ ಝರ್ಮಾಟ್ ಊರಿನ ಕಡೆ ಬಂದು 3,000 ಮೀಟರ್ ಮೇಲಿನ ಹಟ್‌ಗಳಲ್ಲಿ ಎರಡು ಮೂರು ರಾತ್ರಿ ಮಲಗಿ. 4,164 ಮೀಟರ್‌ನ ಬ್ರೈಟ್‌ಹಾರ್ನ್ ಹತ್ತಿ. ಕೇಬಲ್ ಕಾರ್ 3,883ರವರೆಗೆ ಕರೆದೊಯ್ಯುತ್ತದೆ, ಮಾಮೂಲಿ ದಾರಿ ಸುಲಭದ ಹಿಮ. ಅದಾದ ಮೇಲೆ 4,092 ಮೀಟರ್‌ನ ಪೊಲ್ಲುಕ್ಸ್. ಅಲ್ಲಿ ಬಂಡೆ ಇದೆ, ಕಟ್ಟಿದ ಹಗ್ಗವೂ ಇದೆ, ಥೇಟ್ ಹೋರ್ನ್ಲಿಯ ಸ್ಯಾಂಪಲ್. ಗೈಡ್‌ಗಳು ನಿಮ್ಮನ್ನು ಹೇಗಿದ್ದರೂ ರಿಫೆಲ್‌ಹಾರ್ನ್ ಬಂಡೆಯಲ್ಲೋ ಬ್ರೈಟ್‌ಹಾರ್ನ್‌ನ ಅರ್ಧ ರಿಡ್ಜ್‌ನಲ್ಲೋ ಒಮ್ಮೆ ಹತ್ತಿಸಿ ನೋಡಿಯೇ ಹೂಂ ಅನ್ನೋದು. ಅದನ್ನು ಪರೀಕ್ಷೆ ಅಂತ ಹೆದರಬೇಡಿ. ಅಲ್ಲೇ ಗೈಡ್ ಹಗ್ಗ ಹಿಡಿಯುವ ರೀತಿ ನಿಮಗೆ ಅಭ್ಯಾಸ ಆಗೋದು.

ಬೆಂಗಳೂರಿನಿಂದ, ರಾಮನಗರದ ಬಂಡೆಗಳಲ್ಲಿ ವಾರಾಂತ್ಯ ಕಳೆಯುವವರು

ಬರ್ನ್ ಸರ್ ಹೇಳಿದ್ದಕ್ಕೆ ನನ್ನ ಕಡೆಯಿಂದ ಬಂಡೆಯ ಮಾತು ಸೇರಿಸ್ತೀನಿ.

ಕ್ಲೈಂಬಿಂಗ್ ಜಿಮ್‌ನಲ್ಲಿ ಕಷ್ಟದ ರೂಟ್‌ಗೆ ಒದ್ದಾಡುವುದರಿಂದ ನಿಮಗೆ ಹೆಚ್ಚು ಲಾಭ ಇಲ್ಲ. ಬೇಕಾಗಿರೋದು ಸುಲಭದ ಬಂಡೆ ಮೇಲೆ ನೂರಾರು ಮೀಟರ್. ತಿಂಗಳಿಗೆ ಎರಡು ವಾರಾಂತ್ಯ ರಾಮನಗರಕ್ಕೆ ಬನ್ನಿ. ಮೊದಲು ಕ್ಲೈಂಬಿಂಗ್ ಶೂನಲ್ಲಿ ಕಲಿತು, ಆಮೇಲೆ ಅದೇ ಸುಲಭದ ರೂಟ್‌ಗಳನ್ನು ನಿಮ್ಮ ದಪ್ಪ ಬೂಟಿನಲ್ಲಿ ಹತ್ತಿ. ಪಾದ ಎಲ್ಲಿದೆ ಅಂತ ಬೂಟಿನೊಳಗೆ ಗೊತ್ತೇ ಆಗಲ್ಲ. ಅದು ರೂಢಿಯಾಗೋಕೆ ತಿಂಗಳುಗಳು ಬೇಕು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಮೇಲೆ ಮುಟ್ಟಿದ ಕೂಡಲೇ ಹಗ್ಗದಲ್ಲಿ ಕೂತು ಕೆಳಗೆ ಇಳಿಸಿಕೊಳ್ಳಬೇಡಿ. ಟಾಪ್ ರೋಪ್ (ಮೇಲಿನಿಂದ ಹಿಡಿದಿರುವ ಹಗ್ಗ) ಇದ್ದಹಾಗೇ, ಹತ್ತಿದ ದಾರಿಯಲ್ಲೇ ಕೈ ಕಾಲು ಇಟ್ಟು ಇಳಿಯಿರಿ. ಸುಲಭದ ಕಡೆ ಮುಖ ಹೊರಗೆ, ಕಡಿದಾದ ಕಡೆ ಬಂಡೆಗೆ ಮುಖ. ನಮ್ಮಲ್ಲಿ ಇದನ್ನು ಅಭ್ಯಾಸ ಮಾಡುವವರು ತೀರಾ ಕಡಿಮೆ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡ ಮ್ಯಾಟರ್‌ಹಾರ್ನನ್ನು ಮೊದಲ ಸಲ ಹತ್ತಿತು. ಏಳು ಜನರಲ್ಲಿ ನಾಲ್ವರು ಸತ್ತಿದ್ದು ಇಳಿಯುವಾಗ. ಮೊದಲು ಜಾರಿದ ಹ್ಯಾಡೋ ಆ ತಂಡದಲ್ಲೇ ಅನುಭವ ಕಡಿಮೆ ಇದ್ದ ಹುಡುಗ.

ಒಂದು ವ್ಯತ್ಯಾಸ ತಿಳಿದಿರಲಿ. ನಮ್ಮದು ಗಟ್ಟಿ ಗ್ರಾನೈಟ್, ಹಿಡಿದದ್ದು ಕಿತ್ತು ಬರಲ್ಲ. ಅಲ್ಲಿ ಸಡಿಲ ಕಲ್ಲು ಜಾಸ್ತಿ. ಯಾವುದೇ ಹಿಡಿಕೆ ಮೇಲೆ ಭಾರ ಹಾಕುವ ಮುಂಚೆ ತಟ್ಟಿ ನೋಡುವ ಅಭ್ಯಾಸವನ್ನು ಇಲ್ಲಿಂದಲೇ ಮಾಡಿಕೊಳ್ಳಿ. ಹಾಂ, ರಾಮನಗರ, ಸಾವನದುರ್ಗ ಎರಡೂ ಕಡೆ ಹೆಜ್ಜೇನು ಇವೆ. ಊರಿನ ಕ್ಲೈಂಬರ್‌ಗಳನ್ನು ಕೇಳದೆ ಹೊಸ ಬಂಡೆಗೆ ಕೈ ಹಾಕಬೇಡಿ, ಸೆಂಟ್ ಹಾಕಿಕೊಂಡು ಬರಬೇಡಿ.

ಮಂಗಳೂರಿನ ಫಿಸಿಯೋಥೆರಪಿಸ್ಟ್

ಜಿಮ್ ಸೇರಲೇಬೇಕು ಅಂತಿಲ್ಲ. ಆದರೆ ಕಾಲಿನ ಬಲಕ್ಕೆ ವಾರದಲ್ಲಿ ಎರಡು ದಿನ ಕೊಡಿ. ಒಂದು ಸ್ಟೂಲ್ ಸಾಕು. ಒಂದು ಕಾಲು ಸ್ಟೂಲ್ ಮೇಲಿಟ್ಟು ಹತ್ತಿ, ಇಳಿಯುವಾಗ ಮೂರು ನಾಲ್ಕು ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಇಳಿಯಿರಿ. ಮೀನಖಂಡಕ್ಕೆ ಹಿಮ್ಮಡಿ ಎತ್ತುವ ವ್ಯಾಯಾಮ.

ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಎಳೆದುಕೊಳ್ಳುತ್ತಲೇ ಭಾರ ತಡೆಯಬೇಕು. ಮಾರನೇ ದಿನದ ನೋವು ಅದರಿಂದಲೇ. ಒಳ್ಳೆ ಸುದ್ದಿ ಏನೆಂದರೆ, ಒಮ್ಮೆ ಹಾಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯಲ್ಲ. ಹಾಗಾಗಿ ಇಳಿಯುವ ಅಭ್ಯಾಸವನ್ನು ಸ್ವಲ್ಪ ಸ್ವಲ್ಪವಾಗಿ, ಬಿಡದೆ ಮಾಡಿ. ಶುರುವಿನಲ್ಲಿ ಚೀಲದಲ್ಲಿ ನೀರಿನ ಬಾಟಲಿಗಳನ್ನು ತುಂಬಿಕೊಂಡು ಬೆಟ್ಟ ಹತ್ತಿ, ಮೇಲೆ ಗಿಡಕ್ಕೆ ಸುರಿದು ಹಗುರಾಗಿ ಇಳಿಯಿರಿ. ಕೊನೆಯ ಎರಡು ಮೂರು ತಿಂಗಳಲ್ಲಿ ಮಾತ್ರ ಭಾರ ಸಮೇತ ಇಳಿಯಿರಿ. ಹತ್ತಿಯಾದ ಮೇಲೆ ಬಸ್ಸಿನಲ್ಲಿ ವಾಪಸ್ ಬರುವವರಿದ್ದಾರೆ, ನೀವು ಹಾಗೆ ಮಾಡಬೇಡಿ! ಮಂಡಿ ಊದಿಕೊಂಡರೆ, ಅಥವಾ ನೋವು ಎರಡು ದಿನಕ್ಕೂ ಇಳಿಯದಿದ್ದರೆ ನಿಲ್ಲಿಸಿ ತೋರಿಸಿ.

ಮ್ಯೂನಿಕ್‌ನಿಂದ

ನನ್ನನ್ನು ಗೈಡ್ ಸೋಲ್ವೇ ಹಟ್‌ನಿಂದ ವಾಪಸ್ ಕರೆತಂದರು. ಮೈಯಲ್ಲಿ ಶಕ್ತಿ ಇತ್ತು. ಸಮಯ ಹೋಗಿದ್ದು ಸಣ್ಣಪುಟ್ಟದಕ್ಕೆ. ಜಾಕೆಟ್ ತೆಗೆಯೋದು, ನೀರು ಕುಡಿಯೋಕೆ ಚೀಲ ಇಳಿಸೋದು, ಗ್ಲೌಸ್ ಹುಡುಕೋದು. ಮೂರು ನಿಮಿಷದ ಹಾಗೆ ಹತ್ತು ಸಲ ನಿಂತರೆ ಅರ್ಧ ಗಂಟೆ ಆಯಿತಲ್ವಾ? ಹಾಗಾಗಿ ನಿಮ್ಮ ಉದ್ದದ ಅಭ್ಯಾಸಗಳನ್ನು ಬೆಳಗಿನ ನಾಲ್ಕಕ್ಕೆ, ಅದೇ ಚೀಲ, ಅದೇ ಬಟ್ಟೆಯಲ್ಲಿ ಮಾಡಿ. ತಿನ್ನೋದು ಜೇಬಿನಲ್ಲಿರಲಿ, ನಡೆಯುತ್ತಲೇ ತಿನ್ನಿ. ಹಟ್‌ನಲ್ಲಿ ಬೆಳಿಗ್ಗೆ ಝರ್ಮಾಟ್ ಗೈಡ್‌ಗಳು ಮತ್ತು ಅವರ ಜೊತೆಯವರು ಮೊದಲು ಹೊರಡುತ್ತಾರೆ, ಉಳಿದವರು ಹಿಂದೆ. ಬಾಗಿಲು ತೆಗೆಯುವ ಹೊತ್ತಿಗೆ ಹಾರ್ನೆಸ್ (ಹಗ್ಗ ಕಟ್ಟುವ ಸೊಂಟದ ಪಟ್ಟಿ), ಹೆಲ್ಮೆಟ್ ಹಾಕಿ ನಿಂತಿರಬೇಕು.

ಮತ್ತೆ ಮೈಸೂರಿನಿಂದ

ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ. ಕ್ರ್ಯಾಂಪನ್ (ಹಿಮಕ್ಕೆ ಬೂಟಿನ ಕೆಳಗೆ ಕಟ್ಟುವ ಮೊಳೆ) ಅಭ್ಯಾಸ ಎಲ್ಲಿ ಮಾಡಲಿ? ಮತ್ತೆ ನಾನು ಸಸ್ಯಾಹಾರಿ, ದಾರಿಯಲ್ಲಿ ಏನು ತಿನ್ನಲಿ?

ಪುಣೆಯಲ್ಲಿರುವ ಶಿವಮೊಗ್ಗದವರು

ಊಟದ್ದು ಸುಲಭ ಕಣ್ರೀ. ಕಡಲೆಬೀಜದ ಚಿಕ್ಕಿ, ಖರ್ಜೂರ, ಚಟ್ನಿಪುಡಿ ಹಚ್ಚಿ ಸುತ್ತಿದ ಚಪಾತಿ. ಎತ್ತರದಲ್ಲಿ ಸಿಹಿ ಮಾತ್ರ ತಿಂದರೆ ಓಕರಿಕೆ ಬರುತ್ತೆ, ಉಪ್ಪು ಖಾರದ್ದೂ ಇರಲಿ. ಮೆಟ್ಟಿಲ ಮೇಲೆ ತಿಂದು ನೋಡಿ, ಮಂಗಗಳಿಗೆ ಕಾಣದ ಹಾಗೆ.

ಹೆಂಗಸರು ಯಾರೂ ಹೇಳದೆ ಇರೋದೊಂದು ಹೇಳ್ತೀನಿ. ಹಾರ್ನೆಸ್‌ನ ಸೊಂಟಪಟ್ಟಿ ಬಿಚ್ಚದೆ, ಹಿಂದಿನ ಎಲಾಸ್ಟಿಕ್ ಮಾತ್ರ ಕಳಚಿ ಮೂತ್ರಕ್ಕೆ ಹೋಗೋದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಆ ಯೋಚನೆಗೇ ನೀರು ಕುಡಿಯೋದು ಕಡಿಮೆ ಮಾಡಿ ತಲೆನೋವು ತಂದುಕೊಳ್ಳುವವರು ಬಹಳ. ಎತ್ತರದ ತೊಂದರೆಗೆ ಡೈಮಾಕ್ಸ್ ಮಾತ್ರೆ ತಗೊಳ್ಳುವ ಯೋಚನೆ ಇದ್ದರೆ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ. ಸಲ್ಫಾ ಔಷಧಿ ಅಲರ್ಜಿ ಇದ್ದರೆ ಖಂಡಿತ ಹೇಳಿ.

ಜಿನೀವಾದಲ್ಲಿರುವ ಧಾರವಾಡದವರು

ಎಲ್ಲರೂ ಹೋರ್ನ್ಲಿ ಹೋರ್ನ್ಲಿ ಅಂತಿದ್ದೀರಿ. ನಾನು ಸ್ವಲ್ಪ ಬೇರೆ ಮಾತು ಹೇಳ್ತೀನ್ರಿ. ಹೆಸರಿನ ಹಿಂದೆ ಹೋಗಬೇಡಿ. ಬಿಸಿಲು ಜಾಸ್ತಿ ಇದ್ದ ಬೇಸಿಗೆಯಲ್ಲಿ ಕಲ್ಲುಗಳನ್ನು ಹಿಡಿದಿಟ್ಟ ಮಂಜು ಒಳಗೇ ಕರಗುತ್ತದೆ. 2003ರ ಜುಲೈನಲ್ಲಿ ಇದೇ ರಿಡ್ಜ್‌ನಲ್ಲಿ ದೊಡ್ಡ ಕುಸಿತವಾಗಿ, ಸಿಕ್ಕಿಹಾಕಿಕೊಂಡವರನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಬೇಕಾಯಿತು. 2022ರ ಜುಲೈನಲ್ಲಿ ಕಲ್ಲು ಬೀಳುವ ಅಪಾಯಕ್ಕೆ ಗೈಡ್‌ಗಳೇ ಕೆಲಕಾಲ ಹತ್ತಿಸುವುದನ್ನು ನಿಲ್ಲಿಸಿದ್ದರು. ಇನ್ನೊಂದು ವರ್ಷ ಆಗಸ್ಟ್‌ನಲ್ಲೇ ಹಿಮ ಬಿದ್ದು ರಿಡ್ಜ್ ಬಿಳಿಯಾಗಿರುತ್ತದೆ. ನಿಮ್ಮ ರಜೆ ಇದ್ದಾಗಲೇ ಬೆಟ್ಟ ಒಪ್ಪಬೇಕು ಅಂತೇನಿಲ್ಲ.

ಅದಕ್ಕೆ ಪಕ್ಕದ ಸಾಸ್ ಕಣಿವೆಯ ಲಾಗಿನ್‌ಹಾರ್ನ್ ನೋಡಿ. 4,010 ಮೀಟರ್. ವೈಸ್‌ಮೀಸ್ ಹಟ್ 2,726ರಲ್ಲಿದೆ. ಏರು ಹೋರ್ನ್ಲಿಗಿಂತ ತುಸು ಜಾಸ್ತಿಯೇ, ಬಂಡೆಯ ಪಶ್ಚಿಮ ರಿಡ್ಜ್, ದರ್ಜೆ ಒಂದು ಮೆಟ್ಟಿಲು ಕೆಳಗೆ. ಅದನ್ನು ಮೊದಲು ಮಾಡಿ, ಗಡಿಯಾರ ನೋಡಿಕೊಳ್ಳಿ. ಇಳಿದು ಬಂದು ಮಾರನೇ ದಿನವೂ ಕಾಲು ಗಟ್ಟಿಯಿದ್ದರೆ ಮ್ಯಾಟರ್‌ಹಾರ್ನ್ ಮಾತಾಡೋಣ. ಇಲ್ಲದಿದ್ದರೂ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ನಾಲ್ಕು ಸಾವಿರದ ರಿಡ್ಜ್ ಇರುತ್ತದೆ.

ಬರ್ನ್‌ನಲ್ಲಿರುವ ಹಾಸನದವರು

ಧಾರವಾಡದ ಸರ್ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಲಾಗಿನ್‌ಹಾರ್ನ್ ಮತ್ತು ಮ್ಯಾಟರ್‌ಹಾರ್ನ್ ನಡುವೆ ಎರಡು ದಿನ ಬಿಡುವು ಬೇಕು.

ಕ್ರ್ಯಾಂಪನ್ ಪ್ರಶ್ನೆಗೆ: ಹಿಮದ ಮೇಲೆ ನಡೆಯೋದು ನಿಮಗೆ ಉತ್ತರಕಾಶಿಯಲ್ಲೇ ಬಂದಿದೆ. ಉಳಿದಿರೋದು ಕಲ್ಲಿನ ಮೇಲೆ ಕ್ರ್ಯಾಂಪನ್ ಹಾಕಿ ಹತ್ತೋದು. ಹೋರ್ನ್ಲಿಯ ಮೇಲ್ಭಾಗದಲ್ಲಿ, ಕಟ್ಟಿದ ಹಗ್ಗಗಳ ಹತ್ತಿರ, ಹಿಮ ಕಲ್ಲು ಬೆರೆತೇ ಇರುತ್ತದೆ. ರಾಮನಗರದ ಒಳ್ಳೆಯ ರೂಟ್‌ಗಳಲ್ಲಿ ಈ ಪ್ರಯೋಗ ಬೇಡ, ಬಂಡೆ ಗೀರಿ ಹಾಳಾಗುತ್ತದೆ, ಅಲ್ಲಿನವರು ಬೈತಾರೆ. ಬ್ರೈಟ್‌ಹಾರ್ನ್ ರಿಡ್ಜ್‌ನಲ್ಲಿ ಗೈಡ್ ಜೊತೆ ಕಲಿಯಿರಿ, ಸಾಕು. ಮೈಸೂರಿನಲ್ಲಿ ಅದನ್ನು ಹಾಕೋದು ಬಿಚ್ಚೋದು ಅಭ್ಯಾಸ ಮಾಡಿ, ಗ್ಲೌಸ್ ಹಾಕಿಕೊಂಡು, ದೀಪ ಆರಿಸಿ.

ಈ ರಿಡ್ಜ್‌ಗೆ ಒಬ್ಬ ಗೈಡ್ ಒಬ್ಬರನ್ನೇ ಕರೆದೊಯ್ಯೋದು, ಹಾಗಾಗಿ ಗೈಡ್ ಮತ್ತು ಹಟ್‌ನ ಹಾಸಿಗೆ ಎರಡನ್ನೂ ಚಳಿಗಾಲದಲ್ಲೇ ಕಾದಿರಿಸಿ. ಹವಾಮಾನಕ್ಕೆ ಅಂತ ಎರಡು ಮೂರು ದಿನ ಖಾಲಿ ಇರಲಿ. ವೀಸಾಗೆ ಅಂತ ಮಾಡಿಸುವ ಪ್ರಯಾಣ ವಿಮೆಯಲ್ಲಿ ಹಗ್ಗ ಕಟ್ಟಿ ಹತ್ತುವ ಪರ್ವತಾರೋಹಣ ಸಾಮಾನ್ಯವಾಗಿ ಸೇರಿರುವುದಿಲ್ಲ. ಹೆಲಿಕಾಪ್ಟರ್ ರಕ್ಷಣೆಯ ಖರ್ಚು ಭರಿಸುವ ವಿಮೆಯನ್ನು ಬೇರೆಯಾಗಿ ಮಾಡಿಸಿ, ಎತ್ತರದ ಮಿತಿ ಏನಾದರೂ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.