ಗ್ರಿಮ್ ಕಥೆಗಳನ್ನು ಚಿತ್ರಿಸಹೊರಟಿದ್ದೇನೆ, ಯಾರನ್ನು ನೋಡಲಿ?

ಕೇಳಿದವರು: ದೃಶ್ಯಕಲಾ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಅಂತಿಮ ಪ್ರದರ್ಶನಕ್ಕೆ ಜರ್ಮನಿಯ ಗ್ರಿಮ್ ಸೋದರರು ಸಂಗ್ರಹಿಸಿದ ಜನಪದ ಕಥೆಗಳಿಂದ ಕೆಂಪು ಟೋಪಿಯ ಹುಡುಗಿ, ಸ್ನೋ ವೈಟ್, ರಾಪುಂಜೆಲ್ ಕಥೆಗಳನ್ನು ಆರಿಸಿಕೊಂಡಿದ್ದೇನೆ. ಏನು ಬರೆದರೂ ಮಕ್ಕಳ ಪುಸ್ತಕದ ಚಿತ್ರದಂತಿದೆ ಎಂದು ಮೇಷ್ಟ್ರು ವಾಪಸು ಕಳಿಸುತ್ತಿದ್ದಾರೆ. ಈ ಕಥೆಗಳನ್ನು ಹೊಸ ಕಣ್ಣಿನಿಂದ ಕಂಡ ಕಲಾವಿದರು ಯಾರು? ಇಂಥ ಕೆಲಸ ಮಾಡಿದವರು, ನೋಡಿದವರು ದಯವಿಟ್ಟು ತಿಳಿಸಿ.

ಮುದ್ರಣಚಿತ್ರ ಕಲಾವಿದ, ಮೈಸೂರು: ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿ ಅವರಿಂದ ಶುರು ಮಾಡಿ. 1969–70ರಲ್ಲಿ ಗ್ರಿಮ್ ಸೋದರರ ಆರು ಕಥೆಗಳಿಗೆ 39 ಎಚಿಂಗ್ (ಲೋಹದ ಫಲಕದಲ್ಲಿ ಆಮ್ಲದಿಂದ ಗೆರೆ ಕೊರೆದು ತೆಗೆಯುವ ಮುದ್ರಣಚಿತ್ರ) ಮಾಡಿದರು. ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವ ಗೊಡವೆಗೆ ಹೋಗದೆ, ಕಣ್ಣಿಗೆ ಸವಾಲಾದದ್ದನ್ನು ಮಾತ್ರ ಹಿಡಿದಿದ್ದಾರೆ. ಗಾಜಿನ ಬೆಟ್ಟವನ್ನು ಹೇಗೆ ಬರೆಯುವುದು? ಒಣಹುಲ್ಲು ಚಿನ್ನವಾದದ್ದನ್ನು ಕಪ್ಪು ಶಾಯಿಯಲ್ಲಿ ಹೇಗೆ ತೋರಿಸುವುದು? ಎಡಕ್ಕೆ ಹುಲ್ಲು, ಬಲಕ್ಕೆ ಚಿನ್ನ, ಎರಡಕ್ಕೂ ಗೆರೆಯೇ ಗತಿ. ಮಗು ರಾಪುಂಜೆಲ್‌ಳನ್ನು ಎತ್ತಿಕೊಂಡ ಮಾಟಗಾತಿಯನ್ನು ಬಾಲಯೇಸುವಿನೊಂದಿಗಿರುವ ಮೇರಿಯ ಭಂಗಿಯಲ್ಲಿ ಕೂರಿಸಿದ್ದಾರೆ. ಅದೊಂದರಿಂದಲೇ ಅವಳ ಮೇಲಿನ ನಮ್ಮ ದ್ವೇಷ ಸಡಿಲವಾಗುತ್ತದೆ. ನೀವು ಕಥೆಯ ಘಟನೆಗಳನ್ನು ಪಟ್ಟಿ ಮಾಡಬೇಡಿ. ಬರೆಯಲು ಕಷ್ಟವೆನಿಸುವುದನ್ನು ಪಟ್ಟಿ ಮಾಡಿ.

ಲಂಡನ್ನಿನಲ್ಲಿರುವ ಕನ್ನಡತಿ: ಹಾಕ್ನಿ ಸರಿ, ಆದರೆ ನಿಮ್ಮ ಕಾಯಿಲೆಗೆ ಮದ್ದು ಚಿತ್ರಕಲಾವಿದೆ ಪೌಲಾ ರೇಗೋ. 1935ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿ, ಬಹುಕಾಲ ಲಂಡನ್ನಿನಲ್ಲಿ ಬಾಳಿ, 2022ರಲ್ಲಿ ತೀರಿಕೊಂಡರು. 1995ರಲ್ಲಿ ಬಣ್ಣದ ಪುಡಿಕಡ್ಡಿಯಿಂದ ಬರೆದ ಒಂದು ಪೇಸ್ಟಲ್‌ನಲ್ಲಿ ಸ್ನೋ ವೈಟ್ ವಿಷದ ಸೇಬು ನುಂಗಿದ್ದಾಳೆ. ಮೈಮೇಲೆ ಡಿಸ್ನಿ ಸಿನಿಮಾದ ಅದೇ ಉಡುಪು. ತೊಟ್ಟವಳು ಮಾತ್ರ ಗಟ್ಟಿಮುಟ್ಟಾದ, ವಯಸ್ಸು ಬಲಿತ ಹೆಂಗಸು. ಸೋಫಾದಿಂದ ಜಾರಿ ಬೀಳುತ್ತಾ ಲಂಗವನ್ನು ಬಿಗಿಯಾಗಿ ಹಿಡಿದಿದ್ದಾಳೆ. ಗಾಜಿನ ಪೆಟ್ಟಿಗೆಯಲ್ಲಿ ಚೆಂದವಾಗಿ ಮಲಗುವ ಸಾವಲ್ಲ ಇದು.

2003ರ ಕೆಂಪು ಟೋಪಿಯ ಸರಣಿ ನಿಮಗೆ ಇನ್ನೂ ಹತ್ತಿರ. ಆರೇ ಚಿತ್ರ. ತೋಳ ಇಲ್ಲಿ ಗಂಡಸು. ತೋಳದ ಹೊಟ್ಟೆ ಸೀಳಿ ಹುಡುಗಿಯನ್ನು ಉಳಿಸುವ ಬೇಟೆಗಾರ ಬರುವುದೇ ಇಲ್ಲ. ಗ್ರಿಮ್ ಕಥೆಯಲ್ಲಿ ತಿಂಡಿ ಕೊಟ್ಟು ಕಳಿಸಿ ಮರೆಯಾಗುವ ತಾಯಿಯೇ ಸೇಡು ತೀರಿಸಿಕೊಂಡು, ಕೊನೆಯ ಚಿತ್ರದಲ್ಲಿ ತೋಳದ ತುಪ್ಪಳವನ್ನು ತೊಟ್ಟಿದ್ದಾಳೆ. ನನಗೆ ಈ ಸರಣಿಯಲ್ಲಿ ಅತ್ಯಂತ ಇಷ್ಟವಾದದ್ದು ಆ ತಾಯಿಯ ಧಿಮಾಕು.

ರೇಗೋ ಸ್ಟುಡಿಯೋದಲ್ಲಿ ಬಟ್ಟೆ, ಕುರ್ಚಿ, ಗೊಂಬೆಗಳನ್ನು ರಂಗಸಜ್ಜಿಕೆಯಂತೆ ಜೋಡಿಸಿ, ಮಾಡೆಲ್‌ಗಳನ್ನು ಕೂರಿಸಿ, ನೋಡಿ ಬರೆಯುತ್ತಿದ್ದರು. ನಿಮ್ಮದು ಪುಸ್ತಕದ ಚಿತ್ರವಾಗುತ್ತಿದ್ದರೆ, ನೀವು ಪುಸ್ತಕ ನೋಡಿ ಬರೆಯುತ್ತಿರಬಹುದು! ಮನೆಯವರನ್ನು ಕೂರಿಸಿ. ಅವರ ಬೆನ್ನು, ಮೊಣಕಾಲು, ಬೇಸರ ಎಲ್ಲವೂ ಚಿತ್ರದೊಳಗೆ ಬರಲಿ. ಎಂದಾದರೂ ಪೋರ್ಚುಗಲ್‌ಗೆ ಹೋದರೆ, ಲಿಸ್ಬನ್ ಪಕ್ಕದ ಕಾಶ್‌ಕಾಯಿಶ್ ಪಟ್ಟಣದಲ್ಲಿ 2009ರಲ್ಲಿ ತೆರೆದ ಅವರದೇ ಮ್ಯೂಸಿಯಂ ಇದೆ. ಎದುರಿಗೆ ನಿಂತರೆ ಪೇಸ್ಟಲ್ ಉಜ್ಜಿದ ಒತ್ತಡ ಕಾಣುತ್ತದೆ, ಅದು ಮೊಬೈಲ್ ಪರದೆಯಲ್ಲಿ ಸಿಗುವುದಿಲ್ಲ.

ಶಿಲ್ಪಿ, ಧಾರವಾಡ: ಅಮೆರಿಕದ ಕಲಾವಿದೆ ಕಿಕಿ ಸ್ಮಿತ್ ಅವರ 2001ರ ‘ರ‍್ಯಾಪ್ಚರ್’ ನೋಡಿ. ಕಂಚು. ಸೀಳಿದ ತೋಳದ ಹೊಟ್ಟೆಯಿಂದ ಬೆಳೆದ ಹೆಂಗಸೊಬ್ಬಳು ಎದ್ದು ಹೊರಗೆ ಹೆಜ್ಜೆ ಇಡುತ್ತಿದ್ದಾಳೆ. ಕತ್ತರಿ ಹಿಡಿದ ಬೇಟೆಗಾರ ಹತ್ತಿರದಲ್ಲೆಲ್ಲೂ ಇಲ್ಲ. ಒಬ್ಬನನ್ನು ಕಥೆಯಿಂದ ಹೊರಗಿಟ್ಟರೆ ಉಳಿದವರು ಹೇಗೆ ನಿಲ್ಲುತ್ತಾರೆ ಎಂಬ ಪರೀಕ್ಷೆ ಮಾಡಿ ನೋಡಿ.

ಛಾಯಾಗ್ರಾಹಕ, ಬೆಂಗಳೂರು: ಡೀನಾ ಗೋಲ್ಡ್‌ಸ್ಟೀನ್ ಅವರ ರಾಜಕುಮಾರಿಯರ ಫೋಟೋ ಸರಣಿಯನ್ನೂ (2007–09) ಸೇರಿಸಿಕೊಳ್ಳಿ. ಸಿಂಡ್ರೆಲ್ಲಾ ಬಾರಿನಲ್ಲಿ ಕೂತಿದ್ದಾಳೆ, ರಾಪುಂಜೆಲ್ ಕ್ಯಾನ್ಸರ್ ಚಿಕಿತ್ಸೆಯಿಂದ ಕೂದಲು ಕಳೆದುಕೊಂಡಿದ್ದಾಳೆ.

ಲಂಡನ್ನಿನಲ್ಲಿರುವ ಕನ್ನಡತಿ: ಅದು ನೋಡಿದ ಕೂಡಲೇ ಅರ್ಥವಾಗುತ್ತದೆ ಸರ್, ಅದೇ ತೊಂದರೆ. ಎರಡನೆಯ ಸಲ ನೋಡಲು ನನಗೇನೂ ಉಳಿಯಲಿಲ್ಲ.

ಛಾಯಾಗ್ರಾಹಕ, ಬೆಂಗಳೂರು: ಪ್ರದರ್ಶನಕ್ಕೆ ಬರುವವರಲ್ಲಿ ಹೆಚ್ಚಿನವರು ಒಂದೇ ಸಲ ನೋಡುವುದು ಮೇಡಂ. ಆ ರಾಪುಂಜೆಲ್ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಜಾನಪದ ಓದುವವರು, ಶಿವಮೊಗ್ಗ: ಚಿತ್ರಕ್ಕೆ ಮುನ್ನ ಹಳೆಯ ಪಠ್ಯ ಓದಿ. ಫ್ರೆಂಚ್ ಲೇಖಕ ಪೆರೋ 1697ರಲ್ಲಿ ಪ್ರಕಟಿಸಿದ ಕೆಂಪು ಟೋಪಿಯ ಕಥೆಯಲ್ಲಿ ಹುಡುಗಿ ತೋಳದ ಹೊಟ್ಟೆ ಸೇರುತ್ತಾಳೆ, ಅಲ್ಲಿಗೆ ಕಥೆ ಮುಗಿಯಿತು. ಗ್ರಿಮ್ ಅವರ 1812ರ ಆವೃತ್ತಿಯಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ; 1819ರಲ್ಲಿ ಅವಳನ್ನು ಮಲತಾಯಿಯಾಗಿಸಿದರು. ತಿದ್ದಿದ್ದನ್ನೇ ನಾವು ಮೂಲವೆಂದುಕೊಂಡಿದ್ದೇವೆ. ಹೆತ್ತ ತಾಯಿಯ ಕೈಯಲ್ಲೇ ಕನ್ನಡಿ ಕೊಟ್ಟು ಒಂದು ಚಿತ್ರ ಬರೆಯಿರಿ, ಮೇಷ್ಟ್ರು ಏನೆನ್ನುತ್ತಾರೋ ನೋಡೋಣ.

ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ನಮ್ಮ ಕನ್ನಡ ಜನಪದ ಕಥೆಯ ‘ಹಂಚಿ’ಯೂ ಇದ್ದಾಳೆ: ಹೊನ್ನಿನ ಕೂದಲಿನ ಹುಡುಗಿ, ಮುಖಕ್ಕೆ ಮಣ್ಣಿನ ಮುಖವಾಡ. ಸ್ವಂತ ಅಣ್ಣನ ಕಣ್ಣಿನಿಂದ ತಪ್ಪಿಸಲು ತಾಯಿ ಕೊಟ್ಟದ್ದು. ನಮ್ಮದು ಎಂಬ ಅಭಿಮಾನಕ್ಕೆ ಅವಳನ್ನು ಆರಿಸಬೇಡಿ. ಆ ಮುಖವಾಡ ನಿಮ್ಮನ್ನು ಕಾಡಿದರೆ ಮಾತ್ರ ಆರಿಸಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ರಾಪುಂಜೆಲ್‌ಳನ್ನು ಸದ್ಯಕ್ಕೆ ಕೈಬಿಟ್ಟು ಕನ್ನಡಿ ಹಿಡಿದ ತಾಯಿಯಿಂದ ಆರಂಭಿಸುತ್ತೇನೆ. ಅಮ್ಮ ಕೂರಲು ಒಪ್ಪಿದ್ದಾರೆ, ಧಾರಾವಾಹಿಯ ಹೊತ್ತಿಗೆ ಬಿಡಬೇಕಂತೆ. ದೊಡ್ಡ ಕಾಗದದ ಮೇಲೆ ಪೇಸ್ಟಲ್ ಪುಡಿ ಉದುರದಂತೆ ಯಾವ ಫಿಕ್ಸೆಟಿವ್ ಹಾಕುತ್ತೀರಿ? ಬಣ್ಣ ಕಪ್ಪಾಗುತ್ತದೆ ಎಂದು ಹೆದರಿಸುತ್ತಿದ್ದಾರೆ.