‘ಹೆವಿ’ ಸದ್ದಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬ್ಲ್ಯಾಕ್ ಸಬ್ಬತ್ ತಂಡದ ಕತೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 1968ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸೇರಿದ ನಾಲ್ಕು ಹುಡುಗರ ರಾಕ್ ಸಂಗೀತದ ತಂಡ ಅದು. ಬರಹ ಒಂದೇ ಪದದ ಹತ್ತಿರ ನಿಂತುಬಿಟ್ಟಿದೆ: ‘ಹೆವಿ’.

ಅವರ ಬಗೆಯ ರಾಕ್ ಸಂಗೀತಕ್ಕಿರುವ ಹೆವಿ ಮೆಟಲ್ ಎಂಬ ಹೆಸರು ಹಾಗೇ ಇರಲಿ. ಭಾರಲೋಹ ಅಂದರೆ ಸೀಸ, ಪಾದರಸ ನೆನಪಾಗುತ್ತವೆ, ಅಲ್ವಾ? ನನ್ನ ಪ್ರಶ್ನೆ ಹೆಸರಿನದಲ್ಲ, ಗುಣದ್ದು. ‘ಈ ಗಿಟಾರಿನ ಸದ್ದು ಹೆವಿಯಾಗಿದೆ’ ಅನ್ನುವಾಗ ಅಲ್ಲಿ ನಮ್ಮ ಯಾವ ಪದ ಕೂರುತ್ತದೆ?

ಈ ಸದ್ದು ಹುಟ್ಟಿದ ಬಗೆ ಹೇಳಿದರೆ ಪದ ಹುಡುಕುವುದು ಸುಲಭವಾದೀತು. ತಂಡದಲ್ಲಿ ಗಿಟಾರ್ ನುಡಿಸಿದ ಟೋನಿ ಅಯೋಮಿ, ತಂಡ ಸೇರುವ ಮೊದಲು, 17ರ ಹುಡುಗ. ತಗಡಿನ ಕಾರ್ಖಾನೆಯಲ್ಲಿ ಕೆಲಸ. ಕೆಲಸ ಬಿಡುವ ಕೊನೆಯ ದಿನವೇ ಬಲಗೈಯ ಎರಡು ಬೆರಳಿನ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅವರು ಎಡಚರು, ಹಾಗಾಗಿ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು. ಮೇಲೆ ಚರ್ಮ ಅಂಟಿಸಿದರು. ತೆಳು ತಂತಿ ಕಟ್ಟಿದರು. ಆಮೇಲೆ ಶ್ರುತಿಯನ್ನೇ ಇಳಿಸಿದರು. 1971ರ ಮೂರನೇ ಆಲ್ಬಮ್ಮಿನ ಕೆಲವು ಹಾಡುಗಳಲ್ಲಿ ಗಿಟಾರ್ ಮೂರು ಸ್ವರಸ್ಥಾನ ಕೆಳಗಿದೆ. ತಂತಿ ಸಡಿಲವಾಯಿತು, ಬೆರಳಿಗೆ ನೋವು ಕಡಿಮೆಯಾಯಿತು, ಸದ್ದಿನ ಸ್ಥಾಯಿ ತಗ್ಗಿತು. ‘ಡೌನ್ ಟ್ಯೂನಿಂಗ್’ಗೆ ‘ಶ್ರುತಿ ಇಳಿಸು’ ಅನ್ನುವುದು ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಸಂತೋಷ.

‘ಹೆವಿ’ ಮಾತ್ರ ಬಗ್ಗುತ್ತಿಲ್ಲ. ‘ಭಾರವಾದ ದನಿಯಲ್ಲಿ ಹೇಳಿದಳು’ ಅಂದರೆ ದುಃಖ ಬಂತು. ‘ತೂಕ’ ಮಾತಿಗೆ ಹೊಂದುತ್ತದೆ, ಸದ್ದಿಗಲ್ಲ. ‘ದಪ್ಪ ದನಿ’ಯಲ್ಲಿ ತಗ್ಗು ಇದೆ, ಒರಟು ಇಲ್ಲ. ನನ್ನ ಮನಸ್ಸು ‘ಗಡಸು’ ಕಡೆಗೆ ವಾಲುತ್ತದೆ. ಗಡಸು ದನಿ ಅನ್ನುತ್ತೇವೆ, ಕಬ್ಬಿಣಕ್ಕೂ ಗಡಸುತನ ಅನ್ನುತ್ತೇವೆ. ಕಾರ್ಖಾನೆಯ ಊರಿನಿಂದ ಬಂದ ಸಂಗೀತಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ.

ಆದರೆ ಗಡಸಿನಲ್ಲಿ ನಿಧಾನ ಇಲ್ಲ. 1970ರ ಫೆಬ್ರವರಿ 13ರಂದು ಬಂದ ಮೊದಲ ಆಲ್ಬಮ್ಮಿನ ಮೊದಲ ಹಾಡು ಕೇಳಿ. ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ನಡುವೆ ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಿನ ಅಂತರಕ್ಕೆ ಪಶ್ಚಿಮದವರು ಸೈತಾನನ ಹೆಸರಿಟ್ಟಿದ್ದಾರೆ. ನಮಗೆ ಅದೇ ಪ್ರತಿಮಧ್ಯಮ ಕಲ್ಯಾಣಿ ರಾಗದಲ್ಲಿ ಎಷ್ಟು ಹಿತ! ಅಂದಮೇಲೆ ಹೆದರಿಕೆ ಬರುವುದು ಬರೀ ಸ್ವರದಿಂದಲ್ಲ. ಪ್ರತಿ ಸ್ವರವನ್ನೂ ಎಳೆದು, ಎತ್ತಿ ಇಡುವ ಆ ನಿಧಾನವೂ ಸೇರಬೇಕು. ‘ಹೆವಿ’ಯಲ್ಲಿ ಇವೆಲ್ಲ ಇವೆ: ತಗ್ಗು, ಒರಟು, ನಿಧಾನ.

ಡೊಳ್ಳು, ನಗಾರಿ ಬಾರಿಸುವವರು ನಿಮ್ಮ ಊರಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಕಿವಿಗಿಂತ ಮೊದಲು ಎದೆಗೆ ತಾಗುವ ಸದ್ದಿಗೆ ಅವರು ಏನನ್ನುತ್ತಾರೆ?