ತಾರಸಿಯ ಡ್ರಮ್ಮಿನಲ್ಲಿ ನಿಂಬೆ: ತಪ್ಪು ಡ್ರಮ್ಮಿನದಾ, ನನ್ನದಾ?

ನಿಂಬೆಹುಳಿ (ಬೆಂಗಳೂರು): 200 ಲೀಟರಿನ ನೀಲಿ ಡ್ರಮ್ ಒಂದನ್ನು ಅಡ್ಡಕ್ಕೆ ಕೊಯ್ಸಿ ಎರಡು ಮಾಡಿಸಿದ್ದೆ. ಒಂದರಲ್ಲಿ ನಿಂಬೆ, ಇನ್ನೊಂದರಲ್ಲಿ ಕರಿಬೇವು. ಮೂರು ವರ್ಷ ನಿಂಬೆ ಚೆನ್ನಾಗಿತ್ತು. ಈ ಸಲ ಮಳೆ ಮುಗಿಯುವ ಹೊತ್ತಿಗೆ ಎಲೆ ಹಳದಿಯಾಗಿ ಉದುರಲು ಶುರುವಾಯಿತು. ಮೇಲಿನ ಮಣ್ಣು ಮುಟ್ಟಿದರೆ ಒಣ ಒಣ. ನೀರು ಸಾಲದೇನೋ ಎಂದು ದಿನಕ್ಕೆ ಎರಡು ಬಿಂದಿಗೆ ಸುರಿದೆ. ಇನ್ನೂ ಜೋತುಬಿತ್ತು. ಕೊನೆಗೆ ಉದ್ದದ ಕಬ್ಬಿಣದ ಸರಳನ್ನು ತಳದವರೆಗೆ ಚುಚ್ಚಿ ತೆಗೆದೆ. ತುದಿಗೆ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ! ನೀರು ಬಸಿಯಲಿ ಅಂತಲೇ ಅಡಿಗೆ ಮೂರಿಂಚು ಜಲ್ಲಿ ಹಾಕಿದ್ದೆ. ಕುಂಡ ದೊಡ್ಡದಾದಷ್ಟೂ ಗಿಡಕ್ಕೆ ಒಳ್ಳೆಯದು ಅನ್ನುತ್ತಾರಲ್ಲ, ನನಗೀಗ ಅನುಮಾನ.

ಮಾಳಿಗೆ ಮಲ್ಲಿಗೆ (ಮೈಸೂರು): ನನಗೆ ಅನುಮಾನ ಆ ಜಲ್ಲಿಯ ಮೇಲೇ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಸ್ವಲ್ಪ ತೊಟ್ಟಿಕ್ಕಿ ನಿಲ್ಲುತ್ತದೆ. ಆದರೆ ಕೆಳತುದಿ ಹಿಂಡಿದರೆ ಇನ್ನೂ ನೀರಿದೆ. ಕುಂಡದ ಮಣ್ಣೂ ಹಾಗೇ. ತಳದ ಮಣ್ಣು ಪೂರ್ತಿ ನೆನೆಯುವವರೆಗೆ ಒಂದು ಹನಿಯನ್ನೂ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಅಂದರೆ ನೀವು ಮಾಡಿದ್ದು ಆ ಒದ್ದೆ ಪದರವನ್ನು ಮೂರಿಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ತಂದದ್ದು.

ಕೆಸುವಿನೆಲೆ (ಮಂಗಳೂರು): ಹಾಗಾದರೆ ನಮ್ಮಜ್ಜಿ ಕುಂಡದ ಅಡಿಗೆ ಹಂಚಿನ ಚೂರು ಹಾಕುತ್ತಿದ್ದದ್ದು ತಪ್ಪಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ತೂತಾದ ಹಾಗೆ ಸುರಿಯುವ ಊರು ಮಾರಾಯ್ರೆ ನಮ್ಮದು. ಅಜ್ಜಿಯ ಗಿಡ ಕೊಳೆಯಲಿಲ್ಲ.

ಮಾಳಿಗೆ ಮಲ್ಲಿಗೆ: ತೂತಿನ ಮೇಲೆ ಒಂದು ಚೂರು ಕವುಚಿದರೆ ಮಣ್ಣು ಹರಿದುಹೋಗುವುದಿಲ್ಲ, ಅಷ್ಟೇ. ಅದಕ್ಕೆ ನನ್ನ ತಕರಾರಿಲ್ಲ. ಮೂರಿಂಚಿನ ಪದರ ಬೇರೆ ವಿಷಯ.

ಕೆಸುವಿನೆಲೆ: ಸರಿ, ಒಪ್ಪಿದೆ ಅರ್ಧ. ನಿಂಬೆ ಅಕ್ಕಾ, ಡ್ರಮ್ ನೆಲಕ್ಕೇ ಕೂತಿದೆಯಾ, ಕೆಳಗೆ ಇಟ್ಟಿಗೆ ಇದೆಯಾ? ತೂತು ಎಷ್ಟು?

ನಿಂಬೆಹುಳಿ: ತಳದಲ್ಲಿ ನಾಲ್ಕು ತೂತು. ಇಟ್ಟಿಗೆ ಇಲ್ಲ, ನೆಲಕ್ಕೇ ಇಟ್ಟಿದ್ದೇನೆ. ಎತ್ತಿ ನೋಡೋಣ ಎಂದರೆ ಅಲುಗುವುದೂ ಇಲ್ಲ.

ಸಿವಿಲ್ ಮಾವ (ದಾವಣಗೆರೆ): ಎತ್ತಬೇಡಮ್ಮ, ಸೊಂಟ ಹೋದೀತು. ಅರ್ಧ ಡ್ರಮ್ಮಿಗೆ ಸುಮಾರು 90 ಲೀಟರ್ ಮಣ್ಣು ಹಿಡಿಯುತ್ತದೆ. ನೆನೆದ ಕೆಂಪು ಮಣ್ಣು ಲೀಟರಿಗೆ ಒಂದೂವರೆ ಕೆಜಿಗಿಂತ ಜಾಸ್ತಿಯೇ ತೂಗುತ್ತದೆ. ಹೆಚ್ಚುಕಡಿಮೆ 150 ಕೆಜಿ. ಜನ ಓಡಾಡುವ ತಾರಸಿಗೆ ನಾವು ಲೆಕ್ಕ ಹಾಕುವ ಭಾರ, ಕಟ್ಟಡದ ಭಾರಕ್ಕೆ ಇರುವ ಭಾರತೀಯ ಮಾನಕ ಐಎಸ್ 875ರ ಪ್ರಕಾರ, ಚದರ ಮೀಟರಿಗೆ ಅಷ್ಟೇ, 150 ಕೆಜಿ. ಒಂದೆರಡು ಡ್ರಮ್ಮಿಗೆ ಮನೆ ಬೀಳುವುದಿಲ್ಲ. ಆದರೆ ಎರಡು ಚೆನ್ನಾಗಿ ಬಂತು ಅಂತ ಇಪ್ಪತ್ತು ತಂದು ಜೋಡಿಸುತ್ತಾರೆ ನೋಡಿ, ಅಲ್ಲಿ ಭಯ. ಇಡುವುದಾದರೆ ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ಇಡಿ, ಕೋಣೆಯ ನಡುಮಧ್ಯದ ಮೇಲೆ ಬೇಡ.

ಬಿಸಿಲೂರು (ಕಲಬುರಗಿ): ಎಲ್ಲರೂ ಸೇರಿ ಡ್ರಮ್ಮಿಗೇ ಬೈತೀರಲ್ರೀ. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ನೀರು ಹಾಕಿದ ಸಣ್ಣ ಕುಂಡ ಮಧ್ಯಾಹ್ನಕ್ಕೆ ಹಪ್ಪಳ. ನಮ್ಮ ಮನೆಯಲ್ಲಿ ಎರಡು ಬೇಸಿಗೆ ದಾಟಿದ್ದು ಡ್ರಮ್ಮಿನ ಗಿಡ ಮಾತ್ರ. ಪಡುವಣ ಬಿಸಿಲಿಗೆ ಒಂದು ಕಡೆಯ ಬೇರು ಬೇಯುತ್ತದೆ, ಅದಕ್ಕೆ ಸುತ್ತ ಗೋಣಿಚೀಲ ಕಟ್ಟುತ್ತೇನೆ. ಅಂದಹಾಗೆ ನಿಂಬೆಯವರೇ, ಮಣ್ಣಿಗೆ ಕೊಕೊಪೀಟ್, ಅದೇ ತೆಂಗಿನ ನಾರಿನ ಪುಡಿ, ಎಷ್ಟು ಕಲಸಿದ್ರಿ?

ನಿಂಬೆಹುಳಿ: ಅರ್ಧಕ್ಕರ್ಧ. ಭಾರ ಕಡಿಮೆ ಆಗಲಿ ಅಂತ.

ಬಿಸಿಲೂರು: ಅಲ್ಲೇ ಮೋಸ ಹೋಗಿದ್ದು. ಅದು ಮೇಲೆ ಬಣ್ಣ ತಿಳಿಯಾಗಿ ಒಣಗಿದಂತೆ ಕಾಣುತ್ತದೆ, ಒಂದು ಗೇಣು ಕೆಳಗೆ ಕೈ ಹಾಕಿದರೆ ಒದ್ದೆ. ಮೇಲಿನದು ನೋಡಿ ನೀರು ಹಾಕಬಾರದು.

ಮಾಳಿಗೆ ಮಲ್ಲಿಗೆ: ಯಾವ ನೀರು ಹಾಕುತ್ತೀರಿ?

ನಿಂಬೆಹುಳಿ: 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂದಿತ್ತಲ್ಲ ಜಲಮಂಡಳಿ, ಅವತ್ತಿನಿಂದ ಅಕ್ಕಿ ತೊಳೆದ ನೀರು, ಮತ್ತೆ ಆರ್‌ಒ ಫಿಲ್ಟರ್ ಕುಡಿಯುವ ನೀರು ಸೋಸಿ ಹೊರಗೆ ಬಿಡುವ ವ್ಯರ್ಥ ನೀರು.

ಮಾಳಿಗೆ ಮಲ್ಲಿಗೆ: ಅಯ್ಯೋ, ಆ ಫಿಲ್ಟರಿನ ನೀರಿನಲ್ಲಿ ಬೋರ್‌ವೆಲ್ಲಿನ ಉಪ್ಪೆಲ್ಲ ಗಟ್ಟಿಯಾಗಿ ಕೂತಿರುತ್ತದೆ. ನಿಂಬೆಗೆ ಉಪ್ಪು ಆಗಿಬರುವುದಿಲ್ಲ. ಬಸಿಯದ ಡ್ರಮ್ಮಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಅದರಲ್ಲಿ ನೆಲ ಒರೆಸಿ, ಗಿಡಕ್ಕೆ ಬೇಡ.

ಸಿವಿಲ್ ಮಾವ: ಮೇಲಿನ ಮಣ್ಣು ತೋಡಿ ಹಗುರ ಮಾಡಿಕೊಂಡು, ಇಬ್ಬರು ಸೇರಿ ಮಗ್ಗುಲಿಗೆ ವಾಲಿಸಿ. ಒಬ್ಬರೇ ಬೇಡ. ಹೊಸ ತೂತನ್ನು ಪಕ್ಕದ ಗೋಡೆಗೆ, ತಳದಿಂದ ಅರ್ಧ ಇಂಚು ಮೇಲೆ ಕೊರೆಸಿ. ನೆಲಕ್ಕೆ ಅಂಟಿ ಮುಚ್ಚಿಕೊಳ್ಳುವುದಿಲ್ಲ.

ನಿಂಬೆಹುಳಿ: ಭಾನುವಾರದ ವರದಿ. ಆರು ಬಕೆಟ್ ಮಣ್ಣು ತೆಗೆದ ಮೇಲೆ ವಾಲಿತು. ಜಲ್ಲಿಯ ಸಂದಿಗೆಲ್ಲ ಕೆಸರಿಳಿದು ಕಾಂಕ್ರೀಟಿನಂತಾಗಿತ್ತು, ಸುತ್ತಿಗೆಯಲ್ಲಿ ಕುಟ್ಟಿ ಬಿಡಿಸಿದೆ. ನಾಲ್ಕು ತೂತಿನಲ್ಲಿ ಮೂರು ಬಂದ್. ಬೇರು ಡ್ರಮ್ಮಿನ ಗೋಡೆಗುಂಟ ಸಿಂಬೆಯ ಹಾಗೆ ಸುತ್ತಿಕೊಂಡಿತ್ತು. ಕೊಳೆತದ್ದನ್ನು ಕತ್ತರಿಸಿದೆ, ಮೇಲೆ ಕೊಂಬೆಯನ್ನೂ ಸವರಿದೆ. ಜಲ್ಲಿ ಬಿಟ್ಟು, ಇಟ್ಟಿಗೆಯ ಮೇಲಿಟ್ಟು ಮತ್ತೆ ನೆಟ್ಟಿದ್ದೇನೆ. ಚಿಗುರಿಲ್ಲ, ಹಾಗಂತ ಕಡ್ಡಿಯೂ ಒಣಗಿಲ್ಲ.

ಇನ್ನೊಂದು ವಿಷಯ. ಇದರ ಜೊತೆಗೇ ಕರಿಬೇವಿನ ಡ್ರಮ್ಮನ್ನೂ ವಾಲಿಸಲು ಹೋದರೆ ಬರಲೇ ಇಲ್ಲ. ಟಾರ್ಚ್ ಹಾಕಿ ಬಗ್ಗಿ ನೋಡಿದರೆ ಹೆಬ್ಬೆರಳು ದಪ್ಪದ ಬೇರು ತೂತಿನಿಂದ ಇಳಿದು ತಾರಸಿಯ ಬಿರುಕಿಗೆ ಹೊಕ್ಕಿದೆ. ಅದರ ಸರಿಯಾಗಿ ಕೆಳಗೆ ನಮ್ಮ ಮಲಗುವ ಕೋಣೆ. ಸೀಲಿಂಗಿನಲ್ಲಿ ಒದ್ದೆ ಮಚ್ಚೆ ಬಂದಿತ್ತು, ನಮ್ಮ ಯಜಮಾನರು ಒಂದು ವರ್ಷದಿಂದ ಪ್ಲಂಬರನ್ನು ಬೈಯುತ್ತಿದ್ದಾರೆ.

ಸಿವಿಲ್ ಮಾವ: ಬೇರು ಎಳೆಯಬೇಡಿ, ಬಿರುಕು ದೊಡ್ಡದಾಗುತ್ತದೆ. ನೆಲದ ಮಟ್ಟಕ್ಕೆ ಕತ್ತರಿಸಿ, ಡ್ರಮ್ ಸರಿಸಿ, ಫೋಟೋ ಹಾಕಿ. ವಾಟರ್‌ಪ್ರೂಫಿಂಗ್ ಆಮೇಲೆ ಮಾತಾಡೋಣ.

ಕೆಸುವಿನೆಲೆ: ಕರಿಬೇವು ಹೇಗಿದೆ ಅಕ್ಕಾ?

ನಿಂಬೆಹುಳಿ: ಅದಕ್ಕೇನು, ಬೀದಿಯವರೆಲ್ಲ ಒಗ್ಗರಣೆಗೆ ಕಿತ್ತುಕೊಂಡು ಹೋಗುತ್ತಾರೆ, ಆದರೂ ಮುಗಿಯುತ್ತಿಲ್ಲ.